ಕರುಳಿನ ಬ್ಯಾಕ್ಟೀರಿಯಗಳೂ ಕ್ಯಾನ್ಸರ್ ರೋಗವೂ: ಒಂದು ವಿಚಾರದ ಚರಿತ್ರೆ

೧

ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಕೆಲವು ವಿಚಾರಗಳು ಒಮ್ಮೆ ಹುಟ್ಟಿ, ಬೆಳೆದು, ಸ್ಥಿರವಾಗಿ ನಿಲ್ಲುತ್ತವೆ. ಮತ್ತೆ ಕೆಲವು ಹುಟ್ಟಿದೊಡನೆ ಮನ್ನಣೆ ಪಡೆದು, ಅನಂತರ ತಿರಸ್ಕೃತವಾಗಿ, ಬಹುಕಾಲದ ಮೇಲೆ ಬೇರೊಂದು ರೂಪದಲ್ಲಿ ಮರಳಿ ಬರುತ್ತವೆ. ಬ್ಯಾಕ್ಟೀರಿಯಗಳಿಗೂ ಕ್ಯಾನ್ಸರಿಗೂ ಸಂಬಂಧವುಂಟೆಂಬ ವಿಚಾರವು ಈ ಎರಡನೆಯ ವರ್ಗಕ್ಕೆ ಸೇರಿದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ವಿದ್ವಾಂಸರ ಉತ್ಸಾಹಕ್ಕೆ ಪಾತ್ರವಾಗಿದ್ದಿತು; ಇಪ್ಪತ್ತನೆಯ ಶತಮಾನದ ಮಧ್ಯಭಾಗಕ್ಕೆ ಬರುವಷ್ಟರಲ್ಲಿ ಹೆಚ್ಚಿನವರು ಅದನ್ನು ಕೈಬಿಟ್ಟಿದ್ದರು; ಇಂದು ಅದು ಪ್ರಪಂಚದ ದೊಡ್ಡ ಕ್ಯಾನ್ಸರ್ ಸಂಶೋಧನಾಲಯಗಳ ಮುಖ್ಯ ವಿಷಯಗಳಲ್ಲಿ ಒಂದಾಗಿದೆ.

ಈ ಚರಿತ್ರೆಯನ್ನು ಅವಲೋಕಿಸುವಾಗ ನಾವು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಬ್ಯಾಕ್ಟೀರಿಯವು ಕ್ಯಾನ್ಸರನ್ನು ಉಂಟುಮಾಡಬಲ್ಲುದೆ? ಬ್ಯಾಕ್ಟೀರಿಯದಿಂದ ಕ್ಯಾನ್ಸರನ್ನು ಗುಣಪಡಿಸಬಹುದೆ? ಕ್ಯಾನ್ಸರಿಗೆ ಕೊಡುವ ಔಷಧದ ಫಲವನ್ನು ಬ್ಯಾಕ್ಟೀರಿಯವು ಮಾರ್ಪಡಿಸಬಲ್ಲುದೆ? ಈ ಮೂರು ಪ್ರಶ್ನೆಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರುಗಳಲ್ಲಿ, ಒಂದರ ಪರಿಚಯ ಮತ್ತೊಂದಕ್ಕಿಲ್ಲದೆ ಹುಟ್ಟಿದವು. ಕರುಳಿನಲ್ಲಿ ಬಂದು ಕೂಡಿದವು. ವಿಚಾರವು ಗೆದ್ದಾಗಲೂ ಸೋತಾಗಲೂ ಅದರ ಗತಿಯನ್ನು ನಿರ್ಧರಿಸಿದುದು ಒಂದೇ ಸಂಗತಿ: ತಕ್ಕ ಹೋಲಿಕೆಯ ಪ್ರಯೋಗ ಇದ್ದಿತೆ, ಇಲ್ಲವೆ ಎಂಬುದು. ಇದನ್ನು ಸ್ಪಷ್ಟಪಡಿಸುವುದೇ ಈ ಲೇಖನದ ಉದ್ದೇಶ.

೨

ರಾಬರ್ಟ್ ಕೋಖ್ ಅವರು ೧೮೭೬ರಲ್ಲಿ ಆಂಥ್ರಾಕ್ಸ್ ರೋಗಕ್ಕೂ ೧೮೮೨ರಲ್ಲಿ ಕ್ಷಯರೋಗಕ್ಕೂ ಕಾರಣವಾದ ಬ್ಯಾಕ್ಟೀರಿಯಗಳನ್ನು ತೋರಿಸಿಕೊಟ್ಟ ಮೇಲೆ, ಎಲ್ಲ ರೋಗಕ್ಕೂ ಒಂದೊಂದು ಸೂಕ್ಷ್ಮಜೀವಿ ಇದ್ದೇ ಇರಬೇಕೆಂಬ ನಂಬಿಕೆ ಯೂರೋಪಿನಲ್ಲಿ ಹಬ್ಬಿತು. ಕ್ಯಾನ್ಸರ್ ಮಾತ್ರ ಇದಕ್ಕೆ ಹೊರತಾಗುವುದೇಕೆ? ೧೮೯೦ರಲ್ಲಿ ಎಡಿನ್‌ಬರೋದ ವಿಲಿಯಂ ರಸೆಲ್ ಅವರು ಗಡ್ಡೆಗಳ ಜೀವಕೋಶಗಳಲ್ಲಿ ಬಣ್ಣವನ್ನು ಗಾಢವಾಗಿ ಹೀರುವ ದುಂಡನೆಯ ಕಣಗಳನ್ನು ಕಂಡು, ಇವೇ ಕ್ಯಾನ್ಸರಿನ ಜೀವಿಗಳೆಂದು ಸಾರಿದರು. ಆ ಕಣಗಳು ಯಾವ ಜೀವಿಯೂ ಅಲ್ಲವೆಂದು ಬಳಿಕ ತಿಳಿಯಿತು. ರೋಗರಕ್ಷಣೆಗೆ ಬೇಕಾದ ಪ್ರೋಟೀನನ್ನು ತಯಾರಿಸುವ ಜೀವಕೋಶಗಳಲ್ಲಿ ಆ ಪ್ರೋಟೀನೇ ಶೇಖರವಾಗಿ ಹಾಗೆ ಕಾಣುತ್ತಿದ್ದಿತು. ಅವನ್ನು ಇಂದಿಗೂ ‘ರಸೆಲ್ ಕಣ’ಗಳೆಂದೇ ಕರೆಯುವುದು ವಾಡಿಕೆ.

ಇದಕ್ಕಿಂತ ಪ್ರಸಿದ್ಧವಾದ ಪ್ರಸಂಗ ಕೋಪನ್‌ಹೇಗನ್ನಿನ ಯೋಹಾನ್ನೆಸ್ ಫಿಬಿಗರ್ ಅವರದು. ಇಲಿಗಳ ಜಠರದಲ್ಲಿ ಒಂದು ಬಗೆಯ ದುಂಡುಹುಳು ಕ್ಯಾನ್ಸರನ್ನು ಉಂಟುಮಾಡುತ್ತದೆಯೆಂದು ಅವರು ೧೯೧೩ರಲ್ಲಿ ಪ್ರಕಟಿಸಿದರು. ೧೯೨೬ನೆಯ ವರ್ಷದ ನೊಬೆಲ್ ಪಾರಿತೋಷಕವೂ ಅವರಿಗೆ ಸಂದಿತು. ಆ ಇಲಿಗಳಿಗೆ ಕೊಟ್ಟ ಆಹಾರದಲ್ಲಿ ‘ಎ’ ಜೀವಸತ್ತ್ವದ ಕೊರತೆಯಿದ್ದಿತೆಂದೂ, ಕಾಣಿಸಿಕೊಂಡ ಬೆಳವಣಿಗೆಗಳು ನಿಜವಾದ ಕ್ಯಾನ್ಸರ್ ಅಲ್ಲವೆಂದೂ ಅನಂತರದ ಸಂಶೋಧಕರು ತೋರಿಸಿದರು. ಹುಳುವಿಲ್ಲದೆ ಅದೇ ಆಹಾರವನ್ನು ತಿಂದ ಇಲಿಗಳನ್ನು ಪಕ್ಕದಲ್ಲಿಟ್ಟು ನೋಡಿದ್ದರೆ ಈ ತೊಡಕು ಮೊದಲೇ ಬಯಲಾಗುತ್ತಿದ್ದಿತು. ಇದಕ್ಕೆ ವಿರುದ್ಧವಾಗಿ, ಕೋಳಿಗಳ ಒಂದು ಬಗೆಯ ಗಡ್ಡೆಗೆ ವೈರಸ್ ಕಾರಣವೆಂದು ೧೯೧೧ರಲ್ಲಿಯೇ ಸರಿಯಾಗಿ ತೋರಿಸಿದ ಪೇಟನ್ ರೌಸ್ ಅವರು ನೊಬೆಲ್ ಪಾರಿತೋಷಕಕ್ಕಾಗಿ ೧೯೬೬ರವರೆಗೆ ಕಾಯಬೇಕಾಯಿತು. ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಿದಾಗ, ವಿದ್ವತ್ಸಮಾಜವು ಏಕೆ ಹಿಂಜರಿಯಿತೆಂಬುದು ನಮಗೆ ಅರ್ಥವಾಗುತ್ತದೆ. ಕ್ಯಾನ್ಸರಿಗೆ ಸೂಕ್ಷ್ಮಜೀವಿ ಕಾರಣವೆನ್ನುವವರನ್ನು ಅನುಮಾನದಿಂದ ನೋಡುವುದು ಹಲವು ದಶಕಗಳ ಕಾಲ ರೂಢಿಯಾಯಿತು.

೩

ಎರಡನೆಯ ಪ್ರಶ್ನೆ ಶಸ್ತ್ರವೈದ್ಯರ ವಾರ್ಡುಗಳಲ್ಲಿ ಹುಟ್ಟಿತು. ಎರಿಸಿಪೆಲಸ್ ಎಂಬುದು ಚರ್ಮವು ಕೆಂಪಾಗಿ ಊದಿಕೊಂಡು ತೀವ್ರವಾದ ಜ್ವರ ಬರುವ ಒಂದು ಸೋಂಕು. ಈ ಸೋಂಕು ತಗುಲಿದ ಕೆಲವು ರೋಗಿಗಳಲ್ಲಿ ಗಡ್ಡೆಗಳು ಕುಗ್ಗಿದುದನ್ನು ವೈದ್ಯರು ಕಂಡಿದ್ದರು. ೧೮೬೮ರಲ್ಲಿ ಜರ್ಮನಿಯ ಬಾನ್ ನಗರದ ವಿಲ್‌ಹೆಲ್ಮ್ ಬುಶ್ ಅವರು ಒಬ್ಬ ರೋಗಿಗೆ ಬುದ್ಧಿಪೂರ್ವಕವಾಗಿಯೇ ಈ ಸೋಂಕು ತಗುಲುವಂತೆ ಮಾಡಿ, ಗಡ್ಡೆ ಕುಗ್ಗಿತೆಂದು ವರದಿಮಾಡಿದರು. ಸೋಂಕಿಗೆ ಕಾರಣ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯವೆಂದು ಫೆಲೈಸೆನ್ ಅವರು ೧೮೮೦ರ ದಶಕದ ಆರಂಭದಲ್ಲಿ ಗುರುತಿಸಿದರು.

ಈ ದಾರಿಯಲ್ಲಿ ಬಹುದೂರ ನಡೆದವರು ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ. ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಅವರಿಗೆ ಒಂದು ಉದಾಹರಣೆ ದೊರೆಯಿತು. ಕತ್ತಿನ ಗಡ್ಡೆಯನ್ನು ಹಲವು ಸಲ ಕತ್ತರಿಸಿ ತೆಗೆದರೂ ಮತ್ತೆ ಬೆಳೆದ ರೋಗಿಯೊಬ್ಬನು ಎರಿಸಿಪೆಲಸ್ ಬಂದ ಮೇಲೆ ಗುಣಹೊಂದಿದ್ದನು. ಕೋಲಿ ಅವನನ್ನು ಹುಡುಕಿಸಿದಾಗ, ಏಳು ವರ್ಷಗಳ ಅನಂತರವೂ ಅವನು ಆರೋಗ್ಯವಾಗಿಯೇ ಇದ್ದನು. ೧೮೯೧ರಲ್ಲಿ ಕೋಲಿ ಅವರು ಶಸ್ತ್ರಚಿಕಿತ್ಸೆಗೆ ಮೀರಿದ ಗಡ್ಡೆಯಿದ್ದ ರೋಗಿಯೊಬ್ಬನಿಗೆ ಸಜೀವ ಸ್ಟ್ರೆಪ್ಟೊಕಾಕಸ್ಸನ್ನು ಚುಚ್ಚಿದರು. ಗಡ್ಡೆ ಕರಗಿತು, ಆ ರೋಗಿ ಎಂಟು ವರ್ಷ ಬದುಕಿದನು. ಆದರೆ ಬೇರೆ ಇಬ್ಬರು ರೋಗಿಗಳು ಚುಚ್ಚಿದ ಸೋಂಕಿನಿಂದಲೇ ಸತ್ತರು. ಆದುದರಿಂದ ಅವರು ಕಾಯಿಸಿ ಕೊಂದ ಬ್ಯಾಕ್ಟೀರಿಯಗಳ ಮಿಶ್ರಣವನ್ನು ಉಪಯೋಗಿಸತೊಡಗಿದರು. ಇದೇ ‘ಕೋಲಿಯವರ ವಿಷದ್ರವ’ವೆಂದು ಹೆಸರಾಯಿತು.

ಕೋಲಿಯವರು ೧೯೩೬ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಎಕ್ಸ್-ಕಿರಣ ಮತ್ತು ರೇಡಿಯಂ ಚಿಕಿತ್ಸೆಗಳು ಅವರ ವಿಧಾನವನ್ನು ಹಿಂದಕ್ಕೆ ತಳ್ಳಿದ್ದವು. ಹೊಸ ಚಿಕಿತ್ಸೆಗಳ ಆಕರ್ಷಣೆ ಇದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಅವರ ದಾಖಲೆಗಳ ಸ್ವರೂಪದಲ್ಲಿಯೇ ಇದ್ದಿತು. ದ್ರವದ ತಯಾರಿಕೆ ಕಾಲಕಾಲಕ್ಕೆ ಬದಲಾಗುತ್ತಿದ್ದಿತು. ಪ್ರಮಾಣ ಒಂದೇ ಇರಲಿಲ್ಲ. ಚುಚ್ಚಿಸಿಕೊಂಡವರನ್ನು ಚುಚ್ಚಿಸಿಕೊಳ್ಳದವರೊಡನೆ ಕ್ರಮವಾಗಿ ಹೋಲಿಸಿ ನೋಡಿರಲಿಲ್ಲ. ಗುಣವಾದವರು ನಿಜವಾಗಿಯೂ ಗುಣವಾಗಿದ್ದರು; ಆದರೆ ಯಾರಿಗೆ, ಎಷ್ಟು ಮಂದಿಗೆ, ಏತಕ್ಕೆ ಎಂಬುದಕ್ಕೆ ಉತ್ತರವಿರಲಿಲ್ಲ. ೧೯೬೫ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಘವು ಈ ದ್ರವವನ್ನು ಪ್ರಮಾಣೀಕೃತವಾಗದ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು.

ಆದರೂ ಈ ವಿಚಾರದ ಎಳೆ ಕಡಿದುಹೋಗಲಿಲ್ಲ. ಕೋಲಿಯವರು ಬಳಸಿದ ಬ್ಯಾಕ್ಟೀರಿಯಗಳಲ್ಲಿ ಒಂದಾದ ಸೆರೇಷಿಯದಿಂದ ಗಡ್ಡೆಗಳಲ್ಲಿ ರಕ್ತಸ್ರಾವವನ್ನುಂಟುಮಾಡುವ ಅಂಶವನ್ನು ಶಿಯರ್ ಎಂಬ ಸಂಶೋಧಕರು ೧೯೪೩ರಲ್ಲಿ ಬೇರ್ಪಡಿಸಿದರು. ಇಂತಹ ಅಂಶವು ದೇಹವನ್ನು ಕೆರಳಿಸಿದಾಗ ದೇಹವೇ ಗಡ್ಡೆಯನ್ನು ಸಾಯಿಸುವ ಒಂದು ಪ್ರೋಟೀನನ್ನು ಸ್ರವಿಸುತ್ತದೆಂದು ಲಾಯ್ಡ್ ಓಲ್ಡ್ ಮತ್ತು ಸಹೋದ್ಯೋಗಿಗಳು ೧೯೭೫ರಲ್ಲಿ ಪ್ರಕಟಿಸಿದರು. ಕ್ಷಯರೋಗಕ್ಕೆ ಲಸಿಕೆಯಾಗಿ ಬಳಸುವ ಬಿ.ಸಿ.ಜಿ. ಬ್ಯಾಕ್ಟೀರಿಯವನ್ನು ಮೂತ್ರಕೋಶದೊಳಕ್ಕೆ ಬಿಟ್ಟರೆ ಅಲ್ಲಿಯ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗುವುದೆಂದು ಕೆನಡದ ಮೊರಾಲೆಸ್ ಮತ್ತು ಸಂಗಡಿಗರು ೧೯೭೬ರಲ್ಲಿ ತೋರಿಸಿದರು. ಕೋಲಿಯವರಿಗೆ ಒದಗದಿದ್ದುದು ಇದಕ್ಕೆ ಒದಗಿತು: ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡುವ ಪರೀಕ್ಷೆಗಳು. ಆದುದರಿಂದಲೇ ಈ ಚಿಕಿತ್ಸೆ ಇಂದಿಗೂ ಉಳಿದಿದೆ.

೪

ಇಷ್ಟರವರೆಗೆ ನಾವು ನೋಡಿದ ಬ್ಯಾಕ್ಟೀರಿಯಗಳೆಲ್ಲ ಹೊರಗಿನಿಂದ ಬಂದವು. ದೇಹದೊಳಗೆ ಸದಾ ನೆಲೆಸಿರುವ ಬ್ಯಾಕ್ಟೀರಿಯಗಳ ಕಡೆಗೆ ಗಮನ ಹರಿದುದು ಬೇರೆ ದಾರಿಯಿಂದ. ೧೮೮೫ರಲ್ಲಿ ಮ್ಯೂನಿಕ್ಕಿನ ಮಕ್ಕಳ ವೈದ್ಯ ಥಿಯೊಡೋರ್ ಎಶೆರಿಕ್ ಅವರು ಎಳೆಗೂಸುಗಳ ಮಲದಲ್ಲಿ ಕಂಡ ಬ್ಯಾಕ್ಟೀರಿಯವನ್ನು ವರ್ಣಿಸಿದರು. ಅವರ ಹೆಸರಿನಿಂದಲೇ ಅದು ಎಶೆರಿಕಿಯ ಕೋಲೈ ಎನಿಸಿತು. ೧೯೦೮ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೆಚ್ನಿಕಾಫ್ ಅವರು ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಹುಟ್ಟಿಸುವ ವಿಷಗಳೇ ಮುಪ್ಪಿಗೆ ಕಾರಣವೆಂದೂ, ಹುಳಿಹಾಲಿನ ಬ್ಯಾಕ್ಟೀರಿಯಗಳು ಅವನ್ನು ಅಡಗಿಸುವುವೆಂದೂ ವಾದಿಸಿದರು. ಅವರ ವಾದ ರುಜುವಾತಾಗಲಿಲ್ಲ. ಆದರೆ ಕರುಳಿನ ನಿವಾಸಿಗಳಿಗೆ ಇಡೀ ದೇಹದ ಮೇಲೆ ಪ್ರಭಾವವಿರಬಹುದೆಂಬ ಪ್ರಶ್ನೆಯನ್ನು ಅದು ಎತ್ತಿತು.

ಆ ನಿವಾಸಿಗಳ ಸಂಖ್ಯೆ ಅಲ್ಪವೇನೂ ಅಲ್ಲ. ವಯಸ್ಕನ ದೇಹದಲ್ಲಿ ಸುಮಾರು ೩೦ ಲಕ್ಷ ಕೋಟಿ ಜೀವಕೋಶಗಳೂ ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಗಳೂ ಇವೆಯೆಂದು ೨೦೧೬ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಇಷ್ಟೊಂದು ಜೀವಿಗಳಿರುವೆಡೆ ಯಾವುದು ಯಾವುದಕ್ಕೆ ಕಾರಣವೆಂದು ತಿಳಿಯುವುದು ಹೇಗೆ? ಇದಕ್ಕೆ ಬೇಕಾದುದು ಬ್ಯಾಕ್ಟೀರಿಯವೇ ಇಲ್ಲದ ಪ್ರಾಣಿ. ೧೮೯೫ರಲ್ಲಿ ಬರ್ಲಿನ್ನಿನ ನಟ್ಟಲ್ ಮತ್ತು ಥೀರ್‌ಫೆಲ್ಡರ್ ಅವರು ಅಂತಹ ಗಿನಿಯಿಲಿಯನ್ನು ಕೆಲವು ದಿನಗಳ ಕಾಲ ಸಾಕಿದ್ದರು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂತಹ ಪ್ರಾಣಿಗಳ ಸಂತತಿಯನ್ನೇ ಬೆಳೆಸುವುದು ಸಾಧ್ಯವಾಯಿತು.

ಅದರ ಫಲ ೧೯೬೦ರ ದಶಕದಲ್ಲಿ ಕಾಣಿಸಿತು. ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದ ಜನರು ಸೈಕಸ್ ಗಿಡದ ಬೀಜವನ್ನು ನೀರಿನಲ್ಲಿ ನೆನೆಸಿ, ತೊಳೆದು, ಹಿಟ್ಟುಮಾಡಿ ತಿನ್ನುತ್ತಿದ್ದರು. ತೊಳೆಯದ ಹಿಟ್ಟನ್ನು ತಿಂದ ಇಲಿಗಳಿಗೆ ಪಿತ್ತಜನಕಾಂಗ, ಮೂತ್ರಪಿಂಡ, ಕರುಳುಗಳಲ್ಲಿ ಗಡ್ಡೆಗಳು ಬೆಳೆದವು. ಬೀಜದಲ್ಲಿರುವ ಸೈಕಾಸಿನ್ ಎಂಬ ದ್ರವ್ಯವೇ ಇದಕ್ಕೆ ಕಾರಣವೆಂದು ತಿಳಿಯಿತು. ಆದರೆ ಅದೇ ದ್ರವ್ಯವನ್ನು ಬ್ಯಾಕ್ಟೀರಿಯರಹಿತ ಇಲಿಗಳಿಗೆ ತಿನ್ನಿಸಿದಾಗ ಏನೂ ಆಗಲಿಲ್ಲ. ಅದು ಹಾಗೆಯೇ ಹೊರಕ್ಕೆ ಹೋಯಿತು. ಸೈಕಾಸಿನ್ನಿಗೆ ಅಂಟಿಕೊಂಡಿರುವ ಸಕ್ಕರೆಯ ಅಂಶವನ್ನು ಕರುಳಿನ ಬ್ಯಾಕ್ಟೀರಿಯಗಳು ಕಡಿದುಹಾಕಿದಾಗ ಮಾತ್ರ ಅದು ವಿಷವಾಗುತ್ತಿದ್ದಿತು. ಲಾಕರ್ ಮತ್ತು ಸಹೋದ್ಯೋಗಿಗಳ ಈ ಸಂಶೋಧನೆಯನ್ನು ನಾವು ಒಂದು ಮೈಲಿಗಲ್ಲೆಂದು ಎಣಿಸುತ್ತೇವೆ. ಇಲ್ಲಿ ಬ್ಯಾಕ್ಟೀರಿಯವು ಶತ್ರುವಾಗಿ ದೇಹವನ್ನು ಮುತ್ತಿರಲಿಲ್ಲ; ತನ್ನ ನಿತ್ಯದ ಕೆಲಸವನ್ನು ಮಾಡುತ್ತಲೇ ಅಪಾಯಕ್ಕೆ ಕಾರಣವಾಗಿದ್ದಿತು. ಅದನ್ನು ತೋರಿಸಿಕೊಟ್ಟುದು ಹೋಲಿಕೆಯ ಪ್ರಯೋಗ.

೫

ಮೊದಲನೆಯ ಪ್ರಶ್ನೆಗೆ ಮನುಷ್ಯರಲ್ಲಿ ನಿಸ್ಸಂದಿಗ್ಧವಾದ ಉತ್ತರ ದೊರೆತುದು ಕರುಳಿನಲ್ಲಲ್ಲ, ಜಠರದಲ್ಲಿ. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಅವರು ಜಠರದ ಉರಿಯೂತವಿದ್ದವರಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯವನ್ನು ಕಂಡಿದ್ದರು. ೧೯೮೨ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದುದರಿಂದ ಅದು ಪ್ರಯೋಗಾಲಯದಲ್ಲಿ ಬೆಳೆಯಿತು. ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯ ಬದುಕಲಾರದೆಂಬ ಅಭಿಪ್ರಾಯ ಆಗ ಬಲವಾಗಿದ್ದಿತು. ೧೯೮೪ರಲ್ಲಿ ಮಾರ್ಷಲ್ ಅವರು ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಹೆಸರಾದ ಈ ಜೀವಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೪ರಲ್ಲಿ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಜಠರದ ಒಂದು ಬಗೆಯ ಲಿಂಫೋಮವು ಈ ಬ್ಯಾಕ್ಟೀರಿಯವನ್ನು ಔಷಧದಿಂದ ನಿರ್ಮೂಲಮಾಡಿದಾಗ ಹಿಮ್ಮೆಟ್ಟುತ್ತದೆಂದು ೧೯೯೩ರಲ್ಲಿ ಲಂಡನ್ನಿನ ಸಂಶೋಧಕರು ವರದಿಮಾಡಿದುದು ವಿಶೇಷ. ಕಾರಣವನ್ನು ತೆಗೆದರೆ ಕಾರ್ಯವೂ ನಿಲ್ಲುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಅಪರೂಪ.

ದೊಡ್ಡ ಕರುಳಿನ ವಿಷಯದಲ್ಲಿ ಉತ್ತರ ಇಷ್ಟು ಸರಳವಾಗಿಲ್ಲ. ೨೦೧೨ರಲ್ಲಿ ಎರಡು ತಂಡಗಳು, ಸಾಮಾನ್ಯವಾಗಿ ಬಾಯಿಯಲ್ಲಿರುವ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯವು ದೊಡ್ಡ ಕರುಳಿನ ಗಡ್ಡೆಗಳಲ್ಲಿ ಹೆಚ್ಚಾಗಿರುವುದನ್ನು ಕಂಡವು. ಗಡ್ಡೆಯು ಬೇರೆಡೆಗೆ ಹರಡಿದಾಗಲೂ ಅದು ಜೊತೆಯಲ್ಲಿಯೇ ಹೋಗುತ್ತದೆಂದು ೨೦೧೭ರಲ್ಲಿ ತಿಳಿಯಿತು. ಆದರೆ ಅದು ಗಡ್ಡೆಯನ್ನು ಹುಟ್ಟಿಸಿತೋ, ಹುಟ್ಟಿದ ಗಡ್ಡೆಯಲ್ಲಿ ಬಂದು ನೆಲೆಸಿತೋ ಎಂಬುದು ಬೇರೆ ಪ್ರಶ್ನೆ. ಎಶೆರಿಕಿಯ ಕೋಲೈಯ ಕೆಲವು ತಳಿಗಳು ತಯಾರಿಸುವ ಕೋಲಿಬ್ಯಾಕ್ಟಿನ್ ಎಂಬ ವಿಷದ ಮೇಲಿನ ಕೆಲಸ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಈ ವಿಷವು ಜೀವಕೋಶದ ಡಿ.ಎನ್.ಎ.ಯಲ್ಲಿ ತನ್ನದೇ ಆದ ಬಗೆಯ ಗುರುತನ್ನು ಬಿಡುತ್ತದೆಂದೂ, ಅದೇ ಗುರುತು ಕೆಲವು ರೋಗಿಗಳ ಗಡ್ಡೆಗಳಲ್ಲಿಯೂ ಕಾಣುತ್ತದೆಂದೂ ನೆದರ್ಲೆಂಡ್ಸಿನ ಸಂಶೋಧಕರು ೨೦೨೦ರಲ್ಲಿ ತೋರಿಸಿದರು. ೧೧ ದೇಶಗಳ ೯೮೧ ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿ ೨೦೨೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ವಯಸ್ಸಿನಲ್ಲಿ ರೋಗ ಬಂದವರಲ್ಲಿ ಈ ಗುರುತು ಹೆಚ್ಚಾಗಿದ್ದುದು ಕಂಡುಬಂದಿತು. ಬ್ಯಾಕ್ಟೀರಿಯವು ಹೊರಟುಹೋದ ಮೇಲೂ ಅದರ ಕೈಬರಹ ಉಳಿಯುವುದಾದರೆ, ಚರಿತ್ರಕಾರನು ಶಾಸನವನ್ನು ಓದುವಂತೆ ವಿಜ್ಞಾನಿಯು ಅದನ್ನು ಓದಬಹುದಾಗಿದೆ.

೬

ಮೂರನೆಯ ಪ್ರಶ್ನೆ, ಔಷಧದ ಫಲವನ್ನು ಕುರಿತದ್ದು, ಒಂದು ದುರಂತದಿಂದ ಲೋಕದ ಗಮನಕ್ಕೆ ಬಂದಿತು. ೧೯೯೩ರಲ್ಲಿ ಜಪಾನಿನಲ್ಲಿ ಸರ್ಪಸುತ್ತಿಗೆ ಸೊರಿವುಡಿನ್ ಎಂಬ ಹೊಸ ಔಷಧ ಮಾರಾಟಕ್ಕೆ ಬಂದಿತು. ಫ್ಲೂರೊಯುರಸಿಲ್ ವರ್ಗದ ಕ್ಯಾನ್ಸರ್ ಔಷಧವನ್ನು ಸೇವಿಸುತ್ತಿದ್ದ ರೋಗಿಗಳು ಇದನ್ನೂ ಸೇವಿಸಿದಾಗ, ಕೆಲವೇ ವಾರಗಳಲ್ಲಿ ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಜನ ಮರಣಹೊಂದಿದರು. ಕರುಳಿನ ಬ್ಯಾಕ್ಟೀರಿಯಗಳು ಸೊರಿವುಡಿನ್ನನ್ನು ಬೇರೊಂದು ದ್ರವ್ಯವಾಗಿ ಮಾರ್ಪಡಿಸುತ್ತಿದ್ದವು. ಆ ದ್ರವ್ಯವು ಫ್ಲೂರೊಯುರಸಿಲ್ಲನ್ನು ಒಡೆದುಹಾಕುವ ಪಿತ್ತಜನಕಾಂಗದ ಕಿಣ್ವವನ್ನು ತಡೆಯುತ್ತಿದ್ದಿತು. ಹೀಗಾಗಿ ಮಿತವಾಗಿರಬೇಕಾದ ಔಷಧ ರಕ್ತದಲ್ಲಿ ಮಾರಕ ಪ್ರಮಾಣಕ್ಕೆ ಏರುತ್ತಿದ್ದಿತು.

ಇರಿನೊಟೆಕಾನ್ ಎಂಬ ಔಷಧದ ಕಥೆಯೂ ಇದನ್ನೇ ಹೋಲುತ್ತದೆ. ಇದರ ಮೂಲದ್ರವ್ಯವಾದ ಕ್ಯಾಂಪ್ಟೊಥೆಸಿನ್ ಮೊದಲು ದೊರೆತುದು ಚೀನದ ಒಂದು ಮರದಲ್ಲಿ. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ದುರ್ವಾಸನೆ ಮರದಲ್ಲಿಯೂ ಅದು ಇದೆಯೆಂದು ೧೯೭೨ರಲ್ಲಿ ತಿಳಿದುಬಂದಿತು. ಪಿತ್ತಜನಕಾಂಗವು ಈ ಔಷಧವನ್ನು ನಿರಪಾಯವಾಗಿ ಮಾಡಿ ಕರುಳಿಗೆ ಕಳುಹಿಸುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳ ಒಂದು ಕಿಣ್ವವು ಅದನ್ನು ಮತ್ತೆ ವಿಷವಾಗಿಸುವುದರಿಂದ ರೋಗಿಗೆ ತೀವ್ರವಾದ ಭೇದಿಯಾಗುತ್ತದೆ. ಬ್ಯಾಕ್ಟೀರಿಯಗಳನ್ನು ಕೊಲ್ಲದೆ ಆ ಕಿಣ್ವವನ್ನು ಮಾತ್ರ ತಡೆದರೆ ಇಲಿಗಳಿಗೆ ಈ ತೊಂದರೆ ತಪ್ಪುತ್ತದೆಂದು ೨೦೧೦ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಸೈಕಾಸಿನ್ನಿನ ಪಾಠವೇ ಇಲ್ಲಿ ಬೇರೊಂದು ರೂಪದಲ್ಲಿ ಮರಳಿತೆನ್ನಬಹುದು.

೭

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳು ಒಂದಾದುದು ೨೦೧೩ರಲ್ಲಿ. ಪ್ಯಾರಿಸ್ಸಿನಲ್ಲಿ ಝಿಟ್ವೊಗೆಲ್ ಅವರ ತಂಡವೂ ಅಮೆರಿಕದಲ್ಲಿ ಟ್ರಿಂಕಿಯೇರಿ ಅವರ ತಂಡವೂ, ಪ್ರತಿಜೈವಿಕ ಔಷಧದಿಂದ ಕರುಳಿನ ಬ್ಯಾಕ್ಟೀರಿಯಗಳನ್ನು ಕಳೆದುಕೊಂಡ ಇಲಿಗಳಲ್ಲಿಯೂ, ಹುಟ್ಟಿನಿಂದ ಅವಿಲ್ಲದ ಇಲಿಗಳಲ್ಲಿಯೂ ಕ್ಯಾನ್ಸರಿನ ಕೆಲವು ಔಷಧಗಳು ಸರಿಯಾಗಿ ಫಲಿಸುವುದಿಲ್ಲವೆಂದು ಪ್ರಕಟಿಸಿದವು. ಕರುಳಿನ ಬ್ಯಾಕ್ಟೀರಿಯಗಳು ದೇಹದ ರೋಗರಕ್ಷಣಾ ವ್ಯವಸ್ಥೆಯನ್ನು ಎಚ್ಚರದಲ್ಲಿಟ್ಟಿದ್ದವೆಂಬುದೇ ಇದರ ಅರ್ಥ. ಗಡ್ಡೆಯಿಂದ ದೂರವಿರುವ ಕರುಳಿನಲ್ಲಿ, ಯಾರೂ ಚುಚ್ಚದೆಯೇ, ಕೋಲಿಯವರ ದ್ರವದಂತಹ ಪ್ರಚೋದನೆ ನಿತ್ಯವೂ ನಡೆಯುತ್ತಿದ್ದಿತು.

ರೋಗರಕ್ಷಣಾ ವ್ಯವಸ್ಥೆಯ ತಡೆಗಳನ್ನು ಸಡಿಲಿಸಿ ಕ್ಯಾನ್ಸರನ್ನು ಎದುರಿಸುವ ಔಷಧಗಳು ಆಗತಾನೆ ಬಳಕೆಗೆ ಬಂದಿದ್ದವು. ಅವುಗಳಿಗೆ ದಾರಿತೋರಿದ ಆಲಿಸನ್ ಮತ್ತು ಹೊಂಜೊ ಅವರಿಗೆ ೨೦೧೮ರ ನೊಬೆಲ್ ಪಾರಿತೋಷಕ ಸಂದಿತು. ಈ ಔಷಧಗಳು ಕೆಲವರಲ್ಲಿ ಆಶ್ಚರ್ಯಕರವಾಗಿ ಫಲಿಸಿ, ಹಲವರಲ್ಲಿ ಫಲಿಸದೆ ಹೋಗುವುದೇಕೆಂಬುದು ಒಗಟಾಗಿದ್ದಿತು. ೨೦೧೫ರಲ್ಲಿ ಚಿಕಾಗೊದ ಗಯೇವ್‌ಸ್ಕಿ ಅವರ ತಂಡವು ಒಂದು ಸುಳಿವನ್ನು ಕೊಟ್ಟಿತು. ಒಂದೇ ತಳಿಯ ಇಲಿಗಳನ್ನು ಇಬ್ಬರು ಬೇರೆ ಬೇರೆ ಮಾರಾಟಗಾರರಿಂದ ತರಿಸಿದಾಗ, ಒಬ್ಬರ ಇಲಿಗಳಲ್ಲಿ ಗಡ್ಡೆ ನಿಧಾನವಾಗಿಯೂ ಮತ್ತೊಬ್ಬರ ಇಲಿಗಳಲ್ಲಿ ಬೇಗನೆಯೂ ಬೆಳೆಯಿತು. ಎರಡನ್ನೂ ಒಂದೇ ಪಂಜರದಲ್ಲಿ ಸಾಕಿದಾಗ ವ್ಯತ್ಯಾಸ ಮಾಯವಾಯಿತು. ಬಿಫಿಡೊಬ್ಯಾಕ್ಟೀರಿಯಂ ಎಂಬ ಕರುಳಿನ ಬ್ಯಾಕ್ಟೀರಿಯದಲ್ಲಿ ಈ ವ್ಯತ್ಯಾಸದ ಮೂಲವಿದ್ದಿತು.

೨೦೧೮ರ ಜನವರಿಯಲ್ಲಿ ಪ್ಯಾರಿಸ್, ಹ್ಯೂಸ್ಟನ್ ಮತ್ತು ಚಿಕಾಗೊಗಳ ಮೂರು ತಂಡಗಳು ರೋಗಿಗಳಲ್ಲಿಯೂ ಇಂತಹುದೇ ಸಂಬಂಧವನ್ನು ಕಂಡುದಾಗಿ ತಿಳಿಸಿದವು. ಪ್ಯಾರಿಸ್ಸಿನವರು ನೋಡಿದ ೨೪೯ ರೋಗಿಗಳಲ್ಲಿ ೬೯ ಮಂದಿ ಚಿಕಿತ್ಸೆಯ ಆಸುಪಾಸಿನಲ್ಲಿ ಪ್ರತಿಜೈವಿಕ ಔಷಧ ತೆಗೆದುಕೊಂಡಿದ್ದರು. ಅವರು ಬದುಕಿದ ಅವಧಿ ಉಳಿದವರದಕ್ಕಿಂತ ಕಡಿಮೆಯಾಗಿದ್ದಿತು. ೨೦೨೧ರಲ್ಲಿ ಇನ್ನೂ ಮುಂದಿನ ಹೆಜ್ಜೆಯನ್ನಿಟ್ಟರು. ಚಿಕಿತ್ಸೆ ಫಲಿಸಿದವರ ಮಲದಲ್ಲಿನ ಬ್ಯಾಕ್ಟೀರಿಯಗಳನ್ನು, ಚಿಕಿತ್ಸೆ ಫಲಿಸದ ಮೆಲನೋಮ ರೋಗಿಗಳ ಕರುಳಿಗೆ ಸೇರಿಸಿ, ಅದೇ ಔಷಧವನ್ನು ಮತ್ತೆ ಕೊಡಲಾಯಿತು. ಪಿಟ್ಸ್‌ಬರ್ಗಿನಲ್ಲಿ ೧೫ ಮಂದಿಯಲ್ಲಿ ೬ ಮಂದಿಗೆ ಪ್ರಯೋಜನವಾಯಿತು; ಇಸ್ರೇಲಿನಲ್ಲಿ ೧೦ ಮಂದಿಯಲ್ಲಿ ೩ ಮಂದಿಗೆ ಗಡ್ಡೆ ಕುಗ್ಗಿತು.

೮

ಇಲ್ಲಿ ನಿಂತು ನಾವು ಕೋಲಿಯವರನ್ನು ನೆನೆಯಬೇಕು. ಈ ಎರಡು ಪರೀಕ್ಷೆಗಳಲ್ಲಿಯೂ ಹೋಲಿಕೆಗೆ ಬೇರೊಂದು ರೋಗಿಗಳ ಗುಂಪು ಇರಲಿಲ್ಲ. ಔಷಧವನ್ನು ಎರಡನೆಯ ಸಲ ಕೊಟ್ಟುದರಿಂದಲೇ ಕೆಲವರಿಗೆ ಫಲಿಸಿರಬಹುದೆಂಬ ಶಂಕೆಗೆ ಎಡೆಯುಂಟು. ಪ್ರತಿಜೈವಿಕ ಔಷಧ ಪಡೆದವರ ಆಯುಸ್ಸು ಕಡಿಮೆಯಾದುದಕ್ಕೆ, ಅವರ ರೋಗವೇ ಮೊದಲಿನಿಂದ ಹೆಚ್ಚು ತೀವ್ರವಾಗಿದ್ದುದೂ ಕಾರಣವಾಗಿರಬಹುದು. ಉಪಕಾರಿಯೆಂದು ಒಂದು ತಂಡವು ಹೆಸರಿಸಿದ ಬ್ಯಾಕ್ಟೀರಿಯವು ಮತ್ತೊಂದು ತಂಡಕ್ಕೆ ಕಾಣಲಿಲ್ಲ. ಹಲವು ದೇಶಗಳ ರೋಗಿಗಳನ್ನು ಒಟ್ಟಿಗೆ ಪರಿಶೀಲಿಸಿ ೨೦೨೨ರಲ್ಲಿ ಪ್ರಕಟಿಸಿದ ಅಧ್ಯಯನವೂ ಎಲ್ಲೆಡೆಗೂ ಸಲ್ಲುವ ಒಂದೇ ಬ್ಯಾಕ್ಟೀರಿಯವನ್ನು ಕಾಣಲಿಲ್ಲ. ರಸೆಲ್ ಅವರ ಪ್ರಸಂಗವೂ ಹೊಸ ವೇಷದಲ್ಲಿ ಮರಳಿತು. ಮೂವತ್ತಕ್ಕೂ ಹೆಚ್ಚು ಬಗೆಯ ಕ್ಯಾನ್ಸರುಗಳಿಗೆ ಪ್ರತ್ಯೇಕವಾದ ಸೂಕ್ಷ್ಮಜೀವಿಗಳ ಗುರುತುಂಟೆಂದು ೨೦೨೦ರಲ್ಲಿ ಹೆಸರಾಂತ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧವನ್ನು, ಅದರ ಲೆಕ್ಕಾಚಾರದ ದೋಷಗಳನ್ನು ಇತರರು ಎತ್ತಿತೋರಿಸಿದ ಮೇಲೆ, ೨೦೨೪ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಈ ಎಚ್ಚರವು ವಿದ್ವಾಂಸರ ಕೊಠಡಿಗೆ ಮಾತ್ರ ಸೇರಿದುದಲ್ಲ. ೨೦೧೯ರಲ್ಲಿ ಅಮೆರಿಕದಲ್ಲಿ, ಮಲದ ಬ್ಯಾಕ್ಟೀರಿಯಗಳನ್ನು ಪಡೆದ ರೋಗಿಯೊಬ್ಬರು ಅದರೊಡನೆ ಬಂದ, ಔಷಧಕ್ಕೆ ಬಗ್ಗದ ಎಶೆರಿಕಿಯ ಕೋಲೈಯಿಂದ ಮರಣಹೊಂದಿದರು. ಅಂಗಡಿಗಳಲ್ಲಿ ಮಾರುವ ಉಪಕಾರಿ ಬ್ಯಾಕ್ಟೀರಿಯಗಳ ಗುಳಿಗೆಯನ್ನು ಕ್ಯಾನ್ಸರ್ ರೋಗಿಗಳು ತಾವಾಗಿಯೇ ನುಂಗುವುದುಂಟು. ೨೦೨೧ರಲ್ಲಿ ಹ್ಯೂಸ್ಟನ್ನಿನ ಸಂಶೋಧಕರು ನಾರಿನಂಶ ಹೆಚ್ಚಾಗಿರುವ ಆಹಾರವನ್ನು ತಿಂದ ಮೆಲನೋಮ ರೋಗಿಗಳಲ್ಲಿ ಚಿಕಿತ್ಸೆ ಹೆಚ್ಚು ಫಲಿಸಿದುದನ್ನು ಕಂಡರು. ಗುಳಿಗೆಗಳಿಂದ ಅಂತಹ ಪ್ರಯೋಜನ ಕಾಣಲಿಲ್ಲ. ಇಲಿಗಳಲ್ಲಿ ಅವು ಚಿಕಿತ್ಸೆಗೆ ಅಡ್ಡಿಯೇ ಆದವು. ಸೋಂಕಿನಿಂದ ನರಳುವ ರೋಗಿಗೆ ಬೇಕಾದ ಪ್ರತಿಜೈವಿಕ ಔಷಧವನ್ನು ಕರುಳಿನ ಬ್ಯಾಕ್ಟೀರಿಯಗಳ ಹೆಸರಿನಲ್ಲಿ ತಪ್ಪಿಸುವುದೂ, ಅದು ಬೇಡದೆಡೆ ಕೊಡುವುದೂ ಎರಡೂ ಹಾನಿಕರವೇ.

ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಈ ಚರಿತ್ರೆಯಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. ‘ಕ್ಯಾನ್ಸರಿನ ಬ್ಯಾಕ್ಟೀರಿಯ ಯಾವುದು?’ ಎಂದು ರಸೆಲ್ ಅವರ ಕಾಲದವರು ಕೇಳಿದರು. ‘ಯಾವ ಆಹಾರ, ಯಾವ ಔಷಧ, ಯಾವ ದೇಹ, ಯಾವ ಬ್ಯಾಕ್ಟೀರಿಯ ಕೂಡಿದಾಗ ಏನಾಗುತ್ತದೆ?’ ಎಂದು ಇಂದಿನವರು ಕೇಳುತ್ತಿದ್ದಾರೆ. ಎರಡನೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಕಷ್ಟ. ಆದರೆ ಪ್ರಶ್ನೆಯಾಗಿ ಅದೇ ಸರಿಯಾದುದು. ಕೋಲಿಯವರ ಕೈಯಲ್ಲಿ ಗುಣಹೊಂದಿದವರ ಅನುಭವವು ಬಹುಕಾಲ ಶಾಸ್ತ್ರಕ್ಕೆ ದಕ್ಕದೆ ಹೋದುದು ಅವರ ನೋಟದಲ್ಲಿ ಸತ್ಯಾಂಶವಿಲ್ಲದ್ದರಿಂದಲ್ಲ. ಆ ಸತ್ಯಾಂಶವನ್ನು ಬೇರ್ಪಡಿಸಿ ತೋರಿಸುವ ಹೋಲಿಕೆ ಇಲ್ಲದ್ದರಿಂದ. ಇಂದು ಕರುಳಿನ ಬ್ಯಾಕ್ಟೀರಿಯಗಳ ವಿಷಯದಲ್ಲಿ ದೊರೆತಿರುವ ಭರವಸೆಯು ಅದೇ ದಾರಿಯನ್ನು ಹಿಡಿಯಬಾರದಾದರೆ, ಉತ್ಸಾಹಕ್ಕೆ ಸಮನಾಗಿ ಪರೀಕ್ಷೆಯ ನಿಷ್ಠೆಯೂ ಬೆಳೆಯಬೇಕು. ಮುಂದಿನ ರೋಗಿಯ ಜೀವವು ಅದನ್ನು ಅವಲಂಬಿಸಿದೆ.